ಕಪ್ಪಾದ ತೋಟಾ ಕೆಟ್ಟ ತೋಟಾವೇ?

ಸೆಪ್ಟೆಂಬರ್ 3ರ ಕೈಲ್ ಮುಹೂರ್ತ, ಅಂದರೆ ಕೊಡವರ ಆಯುಧಪೂಜೆ, ಹತ್ತಿರವಾದಾಗ, ಇಲ್ಲವೇ ಚುನಾವಣೆ ಮುಗಿದು ಠಾಣೆಗೆ ಒಪ್ಪಿಸಿದ್ದ ಕೋವಿ ಮನೆಗೆ ಮರಳಿದಾಗ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ನೆಲೆಸಿರುವ ಕೊಡಗಿನ ಮತ್ತು ಮಲೆನಾಡಿನ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು. ಬೀರುವಿನಲ್ಲಿದ್ದ ತೋಟಾ ಡಬ್ಬಿ ತೆರೆದರೆ, ಹೊಳೆಯುತ್ತಿದ್ದ ಹಿತ್ತಾಳೆಯ ತಳ ಕಂದಾಗಿದೆ. ಕೆಲವು ಪೂರ್ತಿ ಕಪ್ಪಾಗಿವೆ. ಇವನ್ನು ಹೊಡೆಯಬಹುದೇ? ಸಾಮಾನ್ಯವಾಗಿ ಸಿಗುವ ಉತ್ತರ, ಬೇಡ ಎಂಬುದು. ಈ ಉತ್ತರದ ಹಿಂದೆ ತರ್ಕವಿಲ್ಲದಿಲ್ಲ. ಲೋಹ ಬಣ್ಣಗೆಡುವುದು ತೇವದಿಂದ. ತೇವ ಮದ್ದಿಗೆ ಶತ್ರು. ಹೊರಮೈ ಕಪ್ಪಾಗಿದ್ದರೆ ತೋಟಾ ತೇವ ಕಂಡಿದೆ ಎಂದಾಯಿತು. ತೇವ ಕಂಡದ್ದನ್ನು ನಂಬುವಂತಿಲ್ಲ. ಜೊತೆಗೆ, ಸಿಡಿಯುವ ವಸ್ತುವಿನ ವಿಷಯದಲ್ಲಿ ತಪ್ಪುವುದಾದರೆ ಎಚ್ಚರಿಕೆಯ ಕಡೆಗೇ ತಪ್ಪುವುದು ಒಳ್ಳೆಯದು ಎಂಬ ವಿವೇಕವೂ ಇದರಲ್ಲಿದೆ. ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವೂ ಇದೆ. ಹಿತ್ತಾಳೆ ಕಪ್ಪಾಗುವುದು ಅದರ ಗುಣ, ಅಜ್ಜನ ಕಾಲದ ತೋಟಾಗಳು ಇಂದಿಗೂ ಹಾರುತ್ತವೆ, ಬಟ್ಟೆಯಲ್ಲಿ ಒರೆಸಿ ತುಂಬಿದರಾಯಿತು ಎನ್ನುವವರ ಪಕ್ಷ. ಎರಡೂ ಪಕ್ಷದವರು ಬಣ್ಣವನ್ನೇ ಸಾಕ್ಷಿಯಾಗಿ ಕರೆಯುತ್ತಾರೆ. ಒಬ್ಬರು ಅದನ್ನು ನಂಬುತ್ತಾರೆ, ಇನ್ನೊಬ್ಬರು ತಳ್ಳಿಹಾಕುತ್ತಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ತೋಟಾದ ಒಳಗೆ ಏನಾಗಿದೆ ಎಂದು ಹೇಳುವ ಶಕ್ತಿ ಬಣ್ಣಕ್ಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಸುರಕ್ಷಿತವೆಂದು ತೋರುವ ಮೊದಲ ನಂಬಿಕೆಯೇ ಮನೆಗಳಲ್ಲಿ ಹೆಚ್ಚು ಅಪಾಯ ಹುಟ್ಟಿಸುತ್ತಿದೆ.

ಕಪ್ಪಾದದ್ದು ಕೆಟ್ಟದ್ದು ಎಂಬ ಭಾವನೆ ಹುಟ್ಟುವುದು ಅಡುಗೆಮನೆಯಲ್ಲಿ. ಹಿತ್ತಾಳೆಯ ಚೊಂಬು, ಕೊಳಗ, ದೀಪಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಬೆಳಗಿ, ಹೊಳಪೆಂದರೆ ಶುದ್ಧಿ ಎಂಬ ತೀರ್ಮಾನ ನಮ್ಮ ಕೈಗೇ ಅಂಟಿದೆ. ಪಾತ್ರೆಯ ಮಟ್ಟಿಗೆ ಆ ತೀರ್ಮಾನ ಸರಿ. ಪಾತ್ರೆಯಲ್ಲಿ ಅನ್ನಕ್ಕೆ, ಹುಳಿಗೆ ತಾಗುವುದು ಅದರ ಮೇಲ್ಮೈ. ಮೇಲ್ಮೈ ಹೇಗಿದೆ ಎಂಬುದೇ ಅಲ್ಲಿ ಪೂರ್ತಿ ವಿಷಯ. ತೋಟಾದ ಕೆಲಸ ನಡೆಯುವುದು ಮೇಲ್ಮೈಯಲ್ಲಿ ಅಲ್ಲ. ಫೈರಿಂಗ್ ಪಿನ್ ತಗುಲಿ ಸಿಡಿಯುವ ಕೇಪು, ಆ ಕಿಡಿಗೆ ಉರಿಯುವ ಮದ್ದು, ಒತ್ತಡ ತಡೆಯುವ ಕವಚದ ಗೋಡೆ — ಈ ಮೂರರ ಸ್ಥಿತಿಯೇ ತೋಟಾದ ಸ್ಥಿತಿ. ಇವುಗಳಲ್ಲಿ ಹೊರಗಿನಿಂದ ಕಾಣುವುದು ಒಂದು, ಅದೂ ಅರ್ಧ.

ಮೊದಲು ಆ ಕಪ್ಪು ಏನೆಂದು ನೋಡೋಣ. ತೋಟಾಕ್ಕೆ ಬಳಸುವ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಗಾಳಿಯ ಆಮ್ಲಜನಕದೊಂದಿಗೆ, ಗಂಧಕದ ಅಂಶದೊಂದಿಗೆ ತಾಮ್ರ ಕೂಡಿಕೊಂಡು ಮೇಲೊಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗೂ ಕಡಿಮೆ, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ಕಟ್ಟಿಕೊಂಡ ಪೊರೆ ಕೆಳಗಿನ ಲೋಹಕ್ಕೆ ಗಾಳಿ ತಾಗುವುದನ್ನು ತುಸು ನಿಧಾನವೂ ಮಾಡುತ್ತದೆ. ಇದಾಗಲು ಮಳೆ ಬೇಕಿಲ್ಲ, ಒದ್ದೆಯೂ ಬೇಕಿಲ್ಲ. ತೋಟಾಗಳನ್ನು ಕಟ್ಟಿಟ್ಟ ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಸಾಕು. ಕೈ ಬೆವರು ಸಾಕು. ಹಳೆಯ ಡಬ್ಬಿಯಿಂದ ಒಂದನ್ನು ತೆಗೆದು ಬೆಳಕಿಗೆ ಹಿಡಿದರೆ, ತಳದ ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಕಪ್ಪಿನಲ್ಲಿ ಮೂಡಿರುವುದು ಹಲವು ಬಾರಿ ಕಾಣುತ್ತದೆ. ಎಷ್ಟೋ ವರ್ಷದ ಹಿಂದೆ ಒಮ್ಮೆ ಮುಟ್ಟಿದ್ದರ ಉಪ್ಪು ಅಲ್ಲಿ ಉಳಿದು ಲೋಹವನ್ನು ಕಂದಿಸಿದೆ. ಆ ಬೆರಳ ಗುರುತಿಗೂ ಒಳಗಿನ ಮದ್ದಿಗೂ ಯಾವ ಸಂಬಂಧವೂ ಇಲ್ಲ. ಅದೇ ತೋಟಾದ ಉಳಿದ ಭಾಗ ಹೊಳೆಯುತ್ತಿದೆ ಎಂಬ ಕಾರಣಕ್ಕೆ ಅರ್ಧ ತೋಟಾ ಒಳ್ಳೆಯದು, ಅರ್ಧ ಕೆಟ್ಟದ್ದು ಎಂದು ಯಾರೂ ಹೇಳಲಾರರು. ಬಣ್ಣಗೆಟ್ಟಿದ್ದರ ಅರ್ಥ, ಬರೀ ಬಣ್ಣದ ಮಟ್ಟಿಗೆ, ಗಾಳಿ ತಾಗಿದೆ ಎಂದಷ್ಟೆ.

ಹಾಗೆಂದು ಹಿತ್ತಾಳೆಯ ಮೇಲೆ ಕಾಣುವುದೆಲ್ಲ ಒಂದೇ ಅಲ್ಲ. ಎರಡನೆಯ ಪಕ್ಷದವರು ಎಡವುವುದು ಇಲ್ಲಿ. ಕಂದು ಮತ್ತು ಕಪ್ಪು ಪೊರೆಯ ಮಾತು. ಹಸಿರು ಕಿಲುಬು ಅದಕ್ಕಿಂತ ಮುಂದಿನ ಮಾತು. ಅಲ್ಲಿ ತೇವವೋ ಆಮ್ಲವೋ ಕೂತು ತಾಮ್ರವನ್ನು ತಿನ್ನುತ್ತಿದೆ. ಚರ್ಮದ ತೋಟಾ ಬೆಲ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಸಿಟ್ಟ ತೋಟಾಗಳಿಗೆ, ಚರ್ಮ ಹದ ಮಾಡಿದ ತೊಗಟೆಯ ಆಮ್ಲದಿಂದ, ಬೆಲ್ಟಿನ ಕುಣಿಕೆ ತಾಗುವ ಜಾಗದಲ್ಲೇ ಅಂಟಂಟಾದ ಹಸಿರು ಬಳೆ ಕಟ್ಟುತ್ತದೆ. ಒರೆಸಿದಾಗ ಅದರ ಅಡಿಯ ಲೋಹ ನಯವಾಗಿದ್ದರೆ ಒಂದು ಲೆಕ್ಕ. ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗುಳಿಗಳಿದ್ದರೆ ಬೇರೆ ಲೆಕ್ಕ. ಇನ್ನೂ ಗಂಭೀರವಾದದ್ದು ಗುಲಾಬಿ ಛಾಯೆಯ ಕೆಂಪು ಮಚ್ಚೆ. ಹಿತ್ತಾಳೆಯಿಂದ ಸತು ಕರಗಿ ಹೋಗಿ ಟೊಳ್ಳು ತಾಮ್ರ ಮಾತ್ರ ಉಳಿದಾಗ ಆ ಬಣ್ಣ ಬರುತ್ತದೆ. ನೋಡಲು ಚೊಕ್ಕಟವಾಗಿದ್ದರೂ ಲೋಹದ ಬಲ ಅಲ್ಲಿ ಹೋಗಿದೆ. ಹಿತ್ತಾಳೆಯಂತೆ ಕಾಣುವ ತಳಗಳಲ್ಲಿ ಕೆಲವು ಹಿತ್ತಾಳೆ ಲೇಪದ ಉಕ್ಕು. ಅಯಸ್ಕಾಂತ ಹಿಡಿದರೆ ತಿಳಿಯುತ್ತದೆ. ಅಲ್ಲಿ ಕಾಣುವ ಕೆಂಪು ತುಕ್ಕು ಹಿತ್ತಾಳೆಯ ಕಪ್ಪಿನಂತೆ ಮೇಲೆಯೇ ನಿಲ್ಲುವ ಪೊರೆಯಲ್ಲ, ತಿನ್ನುತ್ತಲೇ ಹೋಗುತ್ತದೆ. ಇಷ್ಟರಿಂದ ತಿಳಿಯುವುದೇನೆಂದರೆ, ಕವಚದ ವಿಷಯದಲ್ಲಿ ಕೇಳಬೇಕಾದದ್ದು ಆಳವನ್ನು. ಈ ಆಳ ಎಷ್ಟು ಮುಖ್ಯ ಎಂಬುದು ತೋಟಾದ ಜಾತಿಯ ಮೇಲೂ ನಿಂತಿದೆ. ಹನ್ನೆರಡು ಬೋರಿನ ಚರೆ ತೋಟಾದೊಳಗೆ ವಾತಾವರಣದ ಒತ್ತಡದ ಸುಮಾರು 700 ಪಟ್ಟು ಒತ್ತಡ ಏಳುತ್ತದೆ. ರೈಫಲ್ ತೋಟಾಗಳಲ್ಲಿ ಅದರ ನಾಲ್ಕೈದು ಪಟ್ಟು. ಚರೆ ತೋಟಾದ ತಳದಲ್ಲಿ ಕ್ಷಮಿಸಬಹುದಾದ ಸಣ್ಣ ಗುಳಿಯನ್ನು ರೈಫಲ್ ತೋಟಾದ ತಳದ ಹತ್ತಿರ ಕ್ಷಮಿಸಲಾಗದು. ಅಲ್ಲಿ ಗೋಡೆ ಸೀಳಿದರೆ ಉರಿಯುವ ಅನಿಲ ಹಿಂದಕ್ಕೆ, ಹೊಡೆಯುವವರ ಕಣ್ಣಿನ ಕಡೆಗೆ ನುಗ್ಗುತ್ತದೆ.

ಬಣ್ಣ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಚರಿತ್ರೆಯಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಉಗ್ರಾಣಗಳಲ್ಲಿ ಮಳೆಗಾಲ ಬಂತೆಂದರೆ ಹಿತ್ತಾಳೆಯ ತೋಟಾ ಕವಚಗಳು ಯಾರೂ ಮುಟ್ಟದೆಯೇ ಬಿರಿಯುತ್ತಿದ್ದವು. ಹೊರಗೆ ತುಕ್ಕಿಲ್ಲ, ಗುಳಿಯಿಲ್ಲ. ಕತ್ತಿನ ಬಳಿ ಕೂದಲೆಳೆಯಂಥ ಸೀಳು ಮಾತ್ರ. ಮಳೆಗಾಲದ ನಂಟಿನಿಂದ ಇಂಗ್ಲಿಷಿನಲ್ಲಿ ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರೇ ನಿಂತಿತು. ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಇದರ ಕಾರಣ ಬಿಡಿಸಿಟ್ಟರು. ತೋಟಾಗಳನ್ನು ಇಡುತ್ತಿದ್ದದ್ದು ಕುದುರೆ ಲಾಯಗಳ ಬಳಿ. ಲಾಯದ ಗಂಜಲದಿಂದ ಏಳುವ ಅಮೋನಿಯಾ ಮಳೆಗಾಲದ ತೇವದಲ್ಲಿ ಹಿತ್ತಾಳೆಯ ಮೇಲೆ ಕೂರುತ್ತಿತ್ತು. ಕವಚವನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದಿದ್ದ ಬಿಗಿತವೂ ಸೇರಿ ಹಿತ್ತಾಳೆ ಕಣಕಣಗಳ ಸಂದಿಯಲ್ಲಿ ಸೀಳುತ್ತಿತ್ತು. ಪರಿಹಾರ, ಕವಚವನ್ನು ಹದವಾಗಿ ಕಾಯಿಸಿ ಆ ಬಿಗಿತವನ್ನು ಸಡಿಲಿಸುವುದು. ಕತ್ತಿನ ಭಾಗ ಕಾಯಿಸಿದಾಗ ಅಲ್ಲಿ ನೀಲಿ ಮಿಶ್ರಿತ ಕಪ್ಪು ಕಲೆ ಉಳಿಯುತ್ತದೆ. ಸೈನ್ಯದ ರೈಫಲ್ ತೋಟಾಗಳಲ್ಲಿ ಆ ಕಲೆಯನ್ನು ಅಳಿಸದೆ ಬಿಡುವುದುಂಟು, ಕಾಯಿಸಿದ್ದಕ್ಕೆ ಅದೇ ಗುರುತು. ಮಾರುಕಟ್ಟೆಯ ತೋಟಾಗಳಲ್ಲಿ ನೋಟಕ್ಕಾಗಿ ಅದನ್ನು ಉಜ್ಜಿ ತೆಗೆಯುತ್ತಾರೆ. ಹೀಗೆ, ಕಪ್ಪು ಕತ್ತಿನ ತೋಟಾ ಸುಭದ್ರವಾಗಿದ್ದು, ಫಳಫಳ ಹೊಳೆಯುವುದು ಸೀಳಿರುವುದು ಸಾಧ್ಯ. ಈ ಕತೆ ಹಳೆಯ ರಾವುತರದು ಮಾತ್ರ ಎಂದುಕೊಳ್ಳಬಾರದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ದನದ ಕೊಟ್ಟಿಗೆ ಮನೆಯ ಗೋಡೆಗೇ ಅಂಟಿಕೊಂಡಿರುತ್ತದೆ. ಊರಿನಿಂದ ಯಲಹಂಕಕ್ಕೆ ಬಂದ ತೋಟಾ ಡಬ್ಬಿ ಆ ಗೋಡೆಯ ಈಚೆಗೆ ಎಷ್ಟು ಮಳೆಗಾಲ ಕಳೆದಿತ್ತು ಎಂಬುದು ಅದರ ಬಣ್ಣಕ್ಕಿಂತ ಹೆಚ್ಚು ಹೇಳುವ ಸಂಗತಿ.

ನಂಬಿಕೆ ಅಪಾಯಕ್ಕೆ ತಿರುಗುವುದು ಇಲ್ಲಿಂದ. ಕಪ್ಪೇ ಕೇಡು ಎಂದು ನಂಬಿದವರು ಎರಡರಲ್ಲಿ ಒಂದು ಮಾಡುತ್ತಾರೆ: ಎಸೆಯುತ್ತಾರೆ, ಇಲ್ಲವೇ ಬೆಳಗುತ್ತಾರೆ. ಎಸೆಯುವ ಮಾತು ಆಮೇಲೆ. ಬೆಳಗುವುದಕ್ಕೆ ಮನೆಯಲ್ಲಿ ಕೈಗೆ ಸಿಗುವುದು ಹುಣಸೆಹಣ್ಣು, ಪಾತ್ರೆ ಪುಡಿ, ಇಲ್ಲವೇ ಹಿತ್ತಾಳೆಗೆಂದೇ ಮಾರುವ ಪಾಲಿಶ್. ಹುಣಸೆಯ ಆಮ್ಲ ಪೊರೆಯನ್ನು ಕರಗಿಸುವುದು ನಿಜ; ಅದರ ಜೊತೆಗೆ ನೀರೂ ಆಮ್ಲವೂ ಕೇಪಿನ ಸುತ್ತಲಿನ ಸಂದಿಗೆ ಇಳಿಯುತ್ತವೆ. ಅಂದರೆ ಹತ್ತಾರು ವರ್ಷ ಒಣಗಿಯೇ ಇದ್ದ ಕೇಪಿಗೆ ಮೊದಲ ಬಾರಿ ತೇವ ತಾಗಿಸುವುದು ಈ ಶುದ್ಧಿಯೇ. ಪಾಲಿಶ್‌ಗಳಲ್ಲಿ ಹಲವಕ್ಕೆ ಅಮೋನಿಯಾ ಸೇರಿರುತ್ತದೆ. ಲಾಯದ ಗಾಳಿ ತಿಂಗಳುಗಟ್ಟಲೆ ಮಾಡಿದ ಕೆಲಸಕ್ಕೆ ನಾವು ಬಾಟಲಿಯಿಂದ ಸುರಿದು ನೆರವಾದಂತೆ. ಕಿಲುಬು ಬಿಡಲೆಂದು ಎಣ್ಣೆ ಸಿಂಪಡಿಸಿದರೆ ಅದೂ ಕೇಪಿನೊಳಗೆ ಜಿನುಗಬಲ್ಲದು. ಎಣ್ಣೆ ಮೆತ್ತಿದ ಕವಚ ಸಿಡಿದಾಗ ಚೇಂಬರಿನ ಗೋಡೆ ಹಿಡಿಯದೆ ಹಿಂದಕ್ಕೆ ಹೆಚ್ಚು ಬಲ ಹಾಕುತ್ತದೆ. ಬಿಸಿಲಿಗೆ ಹರಡಿ 'ಒಣಗಿಸುವುದು' ಇದೇ ಸಾಲಿಗೆ ಸೇರಿದ್ದು. ಇಷ್ಟೆಲ್ಲ ಆದ ಮೇಲೆ ತೋಟಾ ಹೊಸದರಂತೆ ಹೊಳೆಯುತ್ತದೆ. ಮುಂದಿನವರು ಅದನ್ನು ನೋಡಿ ಧೈರ್ಯವಾಗಿ ತುಂಬುತ್ತಾರೆ. ಇದ್ದ ಅಲ್ಪಸ್ವಲ್ಪ ಗುರುತನ್ನೂ ಅಳಿಸಿ, ಇಲ್ಲದ ಕೇಡನ್ನು ತಂದಿಟ್ಟು, ಅದರ ಮೇಲೆ ಭರವಸೆ ಹಚ್ಚಿದಂತಾಯಿತು. ಎಚ್ಚರಿಕೆಯ ಕಡೆಗೇ ತಪ್ಪೋಣ ಎನ್ನುವವರು ಇದನ್ನು ಯೋಚಿಸಬೇಕು.

ಒಳಗಿನ ಮಾತಿಗೆ ಬರೋಣ. ಇಂದಿನ ತೋಟಾದ ಮದ್ದು ಹಳೆಯ ಕರಿಮದ್ದಲ್ಲ. ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮಿಶ್ರಣ; ಒಣಗಿದ್ದರೆ ರಾಸಾಯನಿಕವಾಗಿ ತಾನಾಗಿ ಹಾಳಾಗುವುದು ಬಹಳ ಕಡಿಮೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಾಳುಬಾವಿಯ ಕೆಸರಿನಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಎರಡು ಶತಮಾನ ದಾಟಿ ಕಬ್ಬಿಣ ತುಕ್ಕು ಹಿಡಿದಿದ್ದರೂ ಒಳಗೆ ಮದ್ದಿನ ಅಂಶ ಉಳಿದಿತ್ತು. ಅಟ್ಟದ ಕೇಪಿನ ಕೋವಿ ಹಳೆಯದಾದ ಮಾತ್ರಕ್ಕೆ ಖಾಲಿ ಎಂದು ಭಾವಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಈಗಿನ ಹೊಗೆಯಿಲ್ಲದ ಮದ್ದಿನ ಸ್ವಭಾವ ಬೇರೆ. ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್. ನೀಲಗಿರಿಯ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಿಂದ ತಯಾರಿಸುತ್ತ ಬಂದಿರುವುದು ಈ ಕುಲದ ಮದ್ದನ್ನೇ. ಅದು ತಯಾರಾದ ದಿನದಿಂದಲೇ ತೀರ ನಿಧಾನವಾಗಿ ಒಡೆಯುತ್ತಿರುತ್ತದೆ, ಒಡೆಯುವಾಗ ಸಾರಜನಕದ ಆಕ್ಸೈಡ್‌ಗಳನ್ನು ಬಿಡುತ್ತದೆ, ಆ ಅನಿಲ ತೇವದೊಂದಿಗೆ ಆಮ್ಲವಾಗಿ ಒಡೆಯುವಿಕೆಯನ್ನೇ ವೇಗಗೊಳಿಸುತ್ತದೆ. ಇದನ್ನು ತಡೆಯಲು ಡೈಫಿನೈಲ್ ಅಮೀನ್‌ನಂಥ ಸ್ಥಿರಕಾರಿಯನ್ನು ಮದ್ದಿಗೆ ಬೆರೆಸುತ್ತಾರೆ. ಅದು ಆ ಅನಿಲವನ್ನು ಹೀರಿಕೊಳ್ಳುತ್ತ ಹೋಗುತ್ತದೆ, ಹೀರುತ್ತ ತಾನೂ ಖಾಲಿಯಾಗುತ್ತದೆ. ತೋಟಾದ ನಿಜವಾದ ಆಯಸ್ಸು ಈ ಸ್ಥಿರಕಾರಿಯ ಆಯಸ್ಸು. ಸೇನೆಗಳು ತಮ್ಮ ದಾಸ್ತಾನಿನಿಂದ ಮಾದರಿ ತೆಗೆದು ಪ್ರಯೋಗಶಾಲೆಯಲ್ಲಿ ಅಳೆಯುವುದು ಇದನ್ನು. ಹಿತ್ತಾಳೆಯ ಹೊಳಪನ್ನು ನೋಡಿ ಯಾವ ಶಸ್ತ್ರಾಗಾರವೂ ದಾಸ್ತಾನಿನ ಬಾಳಿಕೆ ತೀರ್ಮಾನಿಸುವುದಿಲ್ಲ.

ಸ್ಥಿರಕಾರಿಯನ್ನು ತಿನ್ನುವುದು ಮುಖ್ಯವಾಗಿ ಬಿಸಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಡೆಯುವ ವೇಗ ಕನಿಷ್ಠ ಎರಡು ಪಟ್ಟಾಗುತ್ತದೆ ಎಂದು ಇಟ್ಟುಕೊಳ್ಳಬಹುದು. 25 ಡಿಗ್ರಿಯ ಕೋಣೆಗೂ 55 ಡಿಗ್ರಿಗೆ ಕಾಯುವ ಜಾಗಕ್ಕೂ ಇರುವ ಅಂತರ, ಆ ಲೆಕ್ಕದಲ್ಲಿ, ಎಂಟು ಪಟ್ಟು. ಮಲೆನಾಡಿನಲ್ಲಿ ತೇವಕ್ಕೆ ಹೆದರಿ ಏನನ್ನಾದರೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ರೂಢಿ. ಕರಿಮದ್ದಿನ ಕಾಲದಲ್ಲಿ, ಬೆಂಕಿಯ ಭಯ ಬಿಟ್ಟರೆ, ಅದಕ್ಕೊಂದು ಅರ್ಥವಿತ್ತು. ಇಂದಿನ ತೋಟಾಕ್ಕೆ ಆ ಅಟ್ಟ ತೇವಕ್ಕಿಂತ ಕೆಟ್ಟದ್ದು. ಬೆಂಗಳೂರಿನಲ್ಲಿ ಅದರ ಜಾಗ ಹಿಡಿದಿರುವುದು ಕಾಂಕ್ರೀಟ್ ತಾರಸಿಯ ಕೆಳಗಿನ ಸಜ್ಜಾ ಮತ್ತು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಮಳೆಯಲ್ಲಿ ತಂಪಾಗಿ ಇದ್ದ ತೋಟಾ ಹೊರಗೆ ಕಪ್ಪಾಗಿ ಒಳಗೆ ಗಟ್ಟಿಯಾಗಿರಬಹುದು. ಅದರ ಮೂರನೇ ಒಂದು ಭಾಗದಷ್ಟೂ ಮಳೆ ಕಾಣದ ಬೆಂಗಳೂರಿನ ಮೇಲ್ಮಹಡಿಯ ಸಜ್ಜಾದಲ್ಲಿದ್ದದ್ದು ಹೊರಗೆ ಹೊಳೆಯುತ್ತ ಒಳಗೆ ಸವೆದಿರಬಹುದು. ಕಣ್ಣಿಗೆ ಇವೆರಡೂ ತಲೆಕೆಳಗಾಗಿ ಕಾಣುತ್ತವೆ.

ಮೊದಲ ಪಕ್ಷದ ಬಲವಾದ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಬಣ್ಣ ನೇರ ಸಾಕ್ಷಿಯಲ್ಲದಿದ್ದರೂ ಪರೋಕ್ಷ ಸಾಕ್ಷಿಯಲ್ಲವೇ? ಹೊರಮೈ ಕೆಡಿಸಿದ ಗಾಳಿಯೇ ಒಳಗೂ ಹೋಗಿರಬಹುದಲ್ಲ? ಈ ಮಾತಿನಲ್ಲಿ ಸತ್ಯವಿದೆ, ಆದರೆ ಎಲ್ಲ ತೋಟಾಗಳಿಗೆ ಒಂದೇ ಪ್ರಮಾಣದಲ್ಲಿ ಅಲ್ಲ. ಹಳೆಯ ಕಾಗದದ ಕೊಳವೆಯ ಚರೆ ತೋಟಾದಲ್ಲಿ ಈ ಊಹೆ ಬಲವಾದದ್ದು. ಕಾಗದ ತೇವ ಹೀರಿ ಉಬ್ಬುತ್ತದೆ, ಬಾಯಿಯ ಮಡಿಕೆ ಸಡಿಲವಾಗುತ್ತದೆ, ತೋಟಾ ಚೇಂಬರಿಗೆ ಇಳಿಯದೆ ಬಿಗಿಯುತ್ತದೆ. ಅಂಥದರಲ್ಲಿ ತಳ ಕಪ್ಪಾಗಿರುವುದು ಕಾಗದ ಉಬ್ಬಿರುವುದರ ಜೊತೆ ಸೇರಿ ಒಂದು ಗಟ್ಟಿ ಸೂಚನೆ. ಪ್ಲಾಸ್ಟಿಕ್ ಕೊಳವೆಯ ತೋಟಾದಲ್ಲಿ ಅದು ದುರ್ಬಲ. ಕೇಪಿನ ಸುತ್ತ ಅರಗಿನಂಥ ಬಣ್ಣದ ಉಂಗುರ ಹಾಕಿ ಮುಚ್ಚಿದ ಸೈನ್ಯದ ಮಾದರಿಯ ತೋಟಾದಲ್ಲಿ ಇನ್ನೂ ದುರ್ಬಲ. ಪಾಯಿಂಟ್ 22 ತೋಟಾದಲ್ಲಿ ನೋಡಬೇಕಾದದ್ದೇ ಬೇರೆ; ಅಲ್ಲಿ ಸೀಸದ ಗುಂಡಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಅದು ವಿಷ, ಅಂಥದನ್ನು ಬರಿಗೈಯಲ್ಲಿ ಉಜ್ಜಬಾರದು. ಹೀಗಾಗಿ ಬಣ್ಣ ಒಂದು ಪ್ರಶ್ನೆ ಕೇಳಲು ಕಾರಣವಾಗಬಹುದು: ಈ ಡಬ್ಬಿ ಎಲ್ಲಿತ್ತು? ಉತ್ತರವಾಗಲು ಅದಕ್ಕೆ ಯೋಗ್ಯತೆ ಸಾಲದು.

ಎರಡನೆಯ ಪಕ್ಷದ ಆಧಾರವೆಂದರೆ ಅನುಭವ: 'ಡಬ್ಬಿಯಿಂದ ಐದು ಹೊಡೆದು ನೋಡಿದೆ, ಐದೂ ಹಾರಿದವು.' ಅನುಭವಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ಐದು ಎಂಬುದು ಎಷ್ಟು ಹೇಳುತ್ತದೆ ಎಂದು ಲೆಕ್ಕ ಹಾಕಬೇಕು. ಹತ್ತಕ್ಕೊಂದು ಕೆಟ್ಟಿರುವ ದಾಸ್ತಾನು ಯಾರೂ ಒಪ್ಪದಷ್ಟು ಕೆಟ್ಟದ್ದು. ಅಂಥದರಿಂದಲೂ ಐದನ್ನು ಸತತವಾಗಿ ತೊಂದರೆಯಿಲ್ಲದೆ ಹೊಡೆಯುವ ಸಾಧ್ಯತೆ ನೂರಕ್ಕೆ 59. ಆ ಸಾಧ್ಯತೆಯನ್ನು ನೂರಕ್ಕೆ ಐದಕ್ಕಿಂತ ಕೆಳಗಿಳಿಸಬೇಕಾದರೆ ಸುಮಾರು 30 ತೋಟಾ ಹೊಡೆಯಬೇಕು; ಅಷ್ಟರಲ್ಲಿ ಪರೀಕ್ಷಿಸಲು ಹೊರಟ ಡಬ್ಬಿಯೇ ಮುಗಿದಿರುತ್ತದೆ. ತಿರುಗಿಸಿ ನೋಡಿದರೆ ಇದೇ ಲೆಕ್ಕ ಬಹಳ ಉಪಯುಕ್ತ. ಐದು ಹಾರಿದ್ದು ಹೆಚ್ಚೇನೂ ಸಾಧಿಸುವುದಿಲ್ಲ, ಆದರೆ ಐದರಲ್ಲಿ ಒಂದು ಹುಸಿಯಾದರೆ ಅಥವಾ ತಡವಾಗಿ ಸಿಡಿದರೆ ಅದು ಇಡೀ ಡಬ್ಬಿಯ ಮೇಲಿನ ಗಟ್ಟಿ ಸಾಕ್ಷಿ, ಏಕೆಂದರೆ ಒಂದೇ ಡಬ್ಬಿಯ ತೋಟಾಗಳು ಒಂದೇ ಕಾಲದ ಮದ್ದು, ಒಂದೇ ಅಟ್ಟದ ಬಿಸಿ ಕಂಡಿವೆ. ಇದು ಬೇರೆ ಡಬ್ಬಿಗೆ ಅನ್ವಯಿಸುವುದಿಲ್ಲ. ಬೇರೆ ಬೇರೆ ವರ್ಷ ಕೊಂಡದ್ದನ್ನು, ಅಣ್ಣನ ಮನೆಯದು ಮಾವನ ಮನೆಯದು ಎಂದು ಬಂದದ್ದನ್ನೆಲ್ಲ ಒಂದೇ ಬಿಸ್ಕತ್ತಿನ ಡಬ್ಬಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಬಣ್ಣಗೆಡುವುದಕ್ಕಿಂತ ಎಷ್ಟೋ ದೊಡ್ಡ ನಷ್ಟ ಅದು. ತೋಟಾದ ಬಗ್ಗೆ ತರ್ಕಿಸಲು ಬೇಕಾದ ಏಕೈಕ ಆಧಾರವನ್ನು ಆ ಬೆರಕೆ ಕಿತ್ತುಹಾಕುತ್ತದೆ.

ಹುಸಿಯಾದರೆ ಏನಾಯಿತು, ಇನ್ನೊಂದು ತುಂಬಿದರಾಯಿತು ಎನ್ನುವ ಮಾತೂ ಕೇಳಿಬರುತ್ತದೆ. ತೋಟಾ ಕೈಕೊಡುವುದು ಮೂರು ಬಗೆಯಲ್ಲಿ, ಮೂರರ ಬೆಲೆಯೂ ಬೇರೆ. ಸುಮ್ಮನೆ ಸಿಡಿಯದಿರುವುದು ಒಂದು. ತಡೆದು, ಕ್ಷಣಗಳ ನಂತರ ಸಿಡಿಯುವುದು ಇನ್ನೊಂದು. ಇದು ಮೊದಲನೆಯದರಂತೆಯೇ ಕಾಣುತ್ತದೆ, ಕೋವಿ ಮುರಿದು ತೋಟಾ ತೆಗೆಯುವಾಗ ಸಿಡಿದರೆ ಕೈ ಕಣ್ಣು ಹೋಗುತ್ತವೆ. ಮೂರನೆಯದು ಕೇಪು ಸಿಡಿದು ಮದ್ದು ಸರಿಯಾಗಿ ಉರಿಯದೆ, ಚರೆಯೋ ವ್ಯಾಡೋ ಗುಂಡೋ ನಳಿಗೆಯ ನಡುವೆ ಸಿಕ್ಕಿಕೊಳ್ಳುವುದು. ಆಗ ಬರುವುದು ಈಡಿನ ಸದ್ದಲ್ಲ, ಮಂಕಾದ 'ಪುಸ್'. ಅದರ ಹಿಂದೆಯೇ ಇನ್ನೊಂದು ಒಳ್ಳೆಯ ತೋಟಾ ತುಂಬಿ ಹೊಡೆದರೆ ನಳಿಗೆ ಸೀಳುತ್ತದೆ. ಅಂದರೆ ಅಲ್ಲಿ ಕೊಲ್ಲುವುದು ಕೆಟ್ಟ ತೋಟಾದ ನಂತರ ಹಾಕಿದ ಒಳ್ಳೆಯ ತೋಟಾ. ಕೊಡಗಿನ ಪದ್ಧತಿಯಲ್ಲಿ ಈ ಆತುರಕ್ಕೆ ಸಹಜವಾಗಿಯೇ ಎಡೆಯಿದೆ. ಸಾವಿನ ಮನೆಯಲ್ಲಿ ಎರಡು ಈಡು ಒಂದರ ಹಿಂದೊಂದು ಹಾರಬೇಕು; ಒಂಟಿ ನಳಿಗೆಯಲ್ಲಿ ಮೊದಲನೆಯದು ಮಂಕಾಗಿ ಕೇಳಿಸಿದರೂ ದುಃಖದಲ್ಲಿರುವ ಕೈ ಎರಡನೆಯದನ್ನು ತುಂಬಲು ಅವಸರಿಸುತ್ತದೆ. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿ ಇಡುವಾಗ ಕೋವಿ ಕೈಯಿಂದ ಕೈಗೆ ಹೋಗುತ್ತದೆ, ಸುತ್ತ ಗದ್ದಲ, 'ಪುಸ್' ಎಂದದ್ದು ಕೇಳಿಸದೇ ಹೋಗಬಹುದು. ಆ ಹೊತ್ತಿನಲ್ಲಿ ಹೊಡೆಯುವವರ ಪಕ್ಕದಲ್ಲಿ ಸದ್ದು ಗಮನಿಸಲೆಂದೇ ಒಬ್ಬ ಹಿರಿಯರು ನಿಂತರೆ, ಎಷ್ಟು ಬೆಳಗಿದ ತೋಟಾಕ್ಕಿಂತಲೂ ಅದು ಹೆಚ್ಚು ಕಾಯುತ್ತದೆ.

ತೋಟಾದ ಬಣ್ಣದ ಮೇಲೆ ಇಷ್ಟು ಕಣ್ಣಿಡುವವರು ಕೋವಿಯನ್ನೇ ನೋಡದಿರುವುದು ನನ್ನನ್ನು ಕಾಡುತ್ತದೆ. ಮನೆತನದ ಹಳೆಯ ಇಂಗ್ಲಿಷ್ ಜೋಡು ನಳಿಗೆಗಳಲ್ಲಿ ಹಲವಕ್ಕೆ ಚೇಂಬರಿನ ಉದ್ದ 65 ಮಿ.ಮೀ. ಇಂದು ಸಾಮಾನ್ಯವಾಗಿ ಸಿಗುವ ಹನ್ನೆರಡು ಬೋರಿನ ತೋಟಾ 70 ಮಿ.ಮೀ.ನದು, ಈ ಅಳತೆ ಬಾಯಿ ಬಿಚ್ಚಿದ ಮೇಲಿನದು. ಹೊಡೆಯುವ ಮೊದಲು ಮಡಿಸಿಕೊಂಡಿರುವುದರಿಂದ ಅದು ಹಳೆಯ ಚೇಂಬರಿಗೆ ಸಲೀಸಾಗಿ ಇಳಿಯುತ್ತದೆ, ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯೇ ಕರಿಮದ್ದಿನ ಕಾಲದ್ದಾಗಿದ್ದರೆ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಅದು ಪರೀಕ್ಷೆಯಾಗಿರುವುದೇ ಇಲ್ಲ. ಅಂಗಡಿಯಿಂದ ನಿನ್ನೆ ತಂದ, ಕನ್ನಡಿಯಂತೆ ಹೊಳೆಯುವ ತೋಟಾ ಅಂಥ ಕೋವಿಯಲ್ಲಿ ಕಪ್ಪಾದ ತೋಟಾಕ್ಕಿಂತ ದೊಡ್ಡ ಅಪಾಯ.

ಇಷ್ಟನ್ನು ಒಪ್ಪಿದರೆ ಡಬ್ಬಿಯ ಮುಂದೆ ಕೂತವರು ಕೇಳಬೇಕಾದ ಪ್ರಶ್ನೆಗಳ ಕ್ರಮ ಬದಲಾಗುತ್ತದೆ.

1. ಇದು ಎಲ್ಲಿತ್ತು, ಎಷ್ಟು ಬಿಸಿ ಕಂಡಿದೆ, ನೀರಲ್ಲಿ ನೆನೆದಿದೆಯೇ, ಬೇರೆ ಡಬ್ಬಿಯದರೊಂದಿಗೆ ಬೆರೆತಿದೆಯೇ? ಉತ್ತರ ಗೊತ್ತಿಲ್ಲದಿದ್ದರೆ, ಎಷ್ಟೇ ಹೊಳೆಯುತ್ತಿದ್ದರೂ, ಹೊಡೆಯದಿರುವುದು ಸರಿ.

2. ಒಣ ಬಟ್ಟೆಯಲ್ಲಿ ಒರೆಸಿದಾಗ ಉಳಿಯುವುದೇನು? ನಯವಾದ ಕಂದು ಕಪ್ಪಾದರೆ ಅಡ್ಡಿಯಿಲ್ಲ. ಗುಳಿ, ಗುಲಾಬಿ ಮಚ್ಚೆ, ಸೀಳು, ಕೇಪಿನ ಸುತ್ತ ಹಸಿರು, ಉಬ್ಬಿದ ಕೊಳವೆ, ಸಡಿಲ ಬಾಯಿ, ಮೂಗಿಗೆ ಚುಚ್ಚುವ ಆಮ್ಲದ ವಾಸನೆ — ಒಂದಿದ್ದರೂ ಬೇಡ. ಒಳಗಿನಿಂದ ಹೊರಕ್ಕೆ ತಿಂದು ಬಂದ ಹಸಿರು ಕಂಡರೆ ಆ ಡಬ್ಬಿಯೆಲ್ಲವೂ ಬೇಡ.

3. ಟ್ರಿಗರ್ ಒತ್ತಿದಾಗ ಸಿಡಿಯದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ, ಸಾಧ್ಯವಾದರೆ ಪೂರ್ತಿ ನಿಮಿಷ ಕಾಯುವುದು. ಸದ್ದೋ ಒದೆತವೋ ಕಡಿಮೆ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯ ಆಚೆಯ ಬೆಳಕು ಕಾಣುತ್ತದೆಯೇ ನೋಡುವುದು.

ಸಂಶಯ ಬಂದರೆ ಎಲ್ಲವನ್ನೂ ಎಸೆದುಬಿಟ್ಟರೆ ಇಷ್ಟೆಲ್ಲ ಬೇಕೇ ಎಂಬ ಆಕ್ಷೇಪ ಉಳಿದಿದೆ. ತೋಟಾದ ಬೆಲೆ ಕಣ್ಣಿನ ಬೆಲೆಗೆ ಸಮನಲ್ಲ ಎನ್ನುವುದನ್ನು ಪೂರ್ತಿ ಒಪ್ಪುತ್ತೇನೆ, ಸಂಶಯವಿದ್ದದ್ದನ್ನು ಹೊಡೆಯಲೇಬಾರದು. 'ಎಸೆಯುವುದು' ಎಂಬಲ್ಲಿ ತೊಡಕಿದೆ. ಊರಲ್ಲಾದರೆ ಹೂಳುತ್ತಾರೆ, ಕೆರೆಗೆ ಹಾಕುತ್ತಾರೆ; ಬೆಂಗಳೂರಿನ ಫ್ಲ್ಯಾಟಿನಲ್ಲಿ ಎಸೆಯುವುದೆಂದರೆ ಒಣ ಕಸದ ಚೀಲಕ್ಕೆ ಹಾಕುವುದು. ಆ ಚೀಲವನ್ನು ಬೆಳಿಗ್ಗೆ ಒಬ್ಬ ಪೌರಕಾರ್ಮಿಕ ಮಹಿಳೆ ಬರಿಗೈಯಲ್ಲಿ ಬಿಚ್ಚಿ ಬೇರ್ಪಡಿಸುತ್ತಾಳೆ. ಆಮೇಲೆ ಅದು ಕಸ ಒತ್ತುವ ಲಾರಿಗೆ, ಇಲ್ಲವೇ ಯಾರೋ ರಸ್ತೆ ಬದಿಯಲ್ಲಿ ಹಚ್ಚಿದ ಬೆಂಕಿಗೆ ಹೋಗುತ್ತದೆ. ಬೆಂಕಿಗೆ ಬಿದ್ದ ತೋಟಾ ಕೋವಿಯಿಂದ ಹಾರಿದಂತೆ ಹಾರುವುದಿಲ್ಲ, ನಿಜ. ಆದರೆ ಕವಚ ಸೀಳಿ ಹಿತ್ತಾಳೆಯ ಚೂರು, ಕೇಪು ಮುಖಕ್ಕೆ ಸಿಡಿಯಲು ಅಷ್ಟು ಸಾಕು. ಯಾರದೋ ಸಂಶಯದ ಅಪಾಯವನ್ನು, ಅದರ ಸುಳಿವೂ ಇಲ್ಲದವರ ಕೈಗೆ ದಾಟಿಸುವುದು ಎಚ್ಚರಿಕೆಯಲ್ಲ. ಬೇಡವಾದ ತೋಟಾವನ್ನು ನೀರಿಗೆ ಹಾಕದೆ, ಬಿಚ್ಚದೆ, ಬೇರೆಯಾಗಿ ಡಬ್ಬಿಯಲ್ಲಿಟ್ಟು ಗುರುತು ಬರೆದು, ಪರವಾನಗಿ ಇರುವ ಕೋವಿ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ಮೊದಲು ವಿಚಾರಿಸಿ ಅವರು ಹೇಳಿದಂತೆ ಒಪ್ಪಿಸಬೇಕು.

ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಹಿರಿಯರು ತೀರಿಕೊಂಡ ಮೇಲೆ, ಬೀರು ಖಾಲಿ ಮಾಡುವಾಗ. ಅಲ್ಲಿ ರಸಾಯನಶಾಸ್ತ್ರಕ್ಕೆ ಮೊದಲು ಕಾನೂನು ಬರುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ 1861ರಷ್ಟು ಹಿಂದಿನಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿದೆ. ಉಳಿದವರ ಮಟ್ಟಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಒಂದು ತೋಟಾ ಇಟ್ಟುಕೊಳ್ಳುವುದೂ ಅಪರಾಧ, ಅದು ಕಪ್ಪಾಗಿರಲಿ ಹೊಳೆಯುತ್ತಿರಲಿ. ಪರವಾನಗಿ ಅಪ್ಪನ ಹೆಸರಿನಲ್ಲಿತ್ತು ಎಂಬುದು ಮಗನಿಗೆ ಹಕ್ಕು ಕೊಡುವುದಿಲ್ಲ. ಕೋವಿಯನ್ನೂ ತೋಟಾವನ್ನೂ ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆದು, ಆಮೇಲೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಡಬ್ಬಿಯ ಮೇಲೆ ಕೊಂಡ ವರ್ಷವನ್ನೂ ಇಟ್ಟಿದ್ದ ಜಾಗವನ್ನೂ ಪೆನ್ನಿನಲ್ಲಿ ಬರೆದಿಡುವ ಕೆಲಸವನ್ನು ಹಿರಿಯರು ಬದುಕಿರುವಾಗಲೇ, ಅವರನ್ನೇ ಕೇಳಿ ಮಾಡಿಸಿಕೊಳ್ಳಬೇಕು. ಆ ಎರಡು ಸಾಲಿನ ವಿವರ ಅವರ ನಂತರ ಇನ್ನೆಲ್ಲೂ ಸಿಗುವುದಿಲ್ಲ.